ಸಮಯದ ಅಭಾವದಿಂದ ಹಾಡು ಇಲ್ಲ

ಕಳೆದ ಭಾನುವಾರ ತುಮಕೂರಿನಲ್ಲಿ ಒಂದು ಕ್ಯಾಸೆಟ್ ಬಿಡುಗಡೆಯಾಯಿತು. ಎಂಟು ಹಾಡಿನ ಕ್ಯಾಸೆಟ್ಟು. ವೇದಿಕೆಯ ಮೇಲೆ ಹನ್ನೊಂದು ಜನ ಕೂತಿದ್ದೆವು. ಆ ಹನ್ನೊಂದು ಜನರಲ್ಲಿ ಹಾಡಿದವನು ಇರಲಿಲ್ಲ.

ತಮಾಷೆ ಅಂದುಕೊಂಡಿರಾ? ಪತ್ರಿಕೆಗೆ ವಾರವಾರ ಬರೆಯುವವಳೆಂದು ಕರೆದಿದ್ದರು, ಆ ಹನ್ನೊಂದರಲ್ಲಿ ನಾನೂ ಒಬ್ಬಳು. ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದೇನೆ. ವಾರ ಕಳೆಯುತ್ತ ಬಂತು, ಸಿಟ್ಟು ಇಳಿದಿಲ್ಲ. "ಬಿಪಿ ಮಾತ್ರೆ ತಗೊಂಡ್ಯಾ?" ಅಂತ ನಮ್ಮ ಯಜಮಾನರು ದಿನಾ ಬೆಳಗ್ಗೆ ಕೇಳುತ್ತಿದ್ದಾರೆ. ತಗೊಂಡಿದ್ದೇನೆ. ಮಾತ್ರೆಗೆ ಬಗ್ಗುವ ಸಿಟ್ಟಲ್ಲ ಇದು.

ಮೊದಲಿಂದ ಹೇಳುತ್ತೇನೆ, ಕೇಳಿ.

ಹುಡುಗನ ಹೆಸರು ಸಾದಿಕ್. ಗುಬ್ಬಿಯವನು, ಇಪ್ಪತ್ತೆರಡು ವರ್ಷ. ಅವರಪ್ಪ ಬಾಷಾ ಸಾಬರದು ಗುಬ್ಬಿಯಲ್ಲಿ ಹಾಸಿಗೆ ಅಂಗಡಿ. ನಮ್ಮ ಮನೆಯ ಹಾಸಿಗೆ, ದಿಂಬು ಎಲ್ಲ ಅವರ ಕೈಯಲ್ಲೇ ಆಗಿದ್ದು. ನನ್ನ ಮದುವೆಯ ಹಾಸಿಗೆಯೂ. (ಅದಿನ್ನೂ ಗಟ್ಟಿಯಾಗಿದೆ. ಮದುವೆಯೂ ಅಷ್ಟೇ, ದೇವರ ದಯೆ.)

ಹೋದ ವರ್ಷ ಒಂದು ಹಳೇ ಹಾಸಿಗೆಯ ಹತ್ತಿ ಬಿಡಿಸಿ ಹೊಸದಾಗಿ ಹೊಲಿಸೋಣವೆಂದು ಅಲ್ಲಿಗೆ ಹೋಗಿದ್ದೆ. ಬಾಷಾ ಸಾಬರು ಬಟ್ಟೆ ತೋರಿಸಲು ಅಂಗಡಿಯ ಹಿಂದಿನ ಕೋಣೆಯ ಬಾಗಿಲು ತೆಗೆದರು ನೋಡಿ, ಒಳಗಿಂದ ಒಂದು ಸದ್ದು ಬಂದು ಎದೆಗೆ ಗುದ್ದಿತು. ಗಿಟಾರು, ಡ್ರಮ್ಮು, ಅವೆರಡರ ಮೇಲೆ ಒಂದು ಗಂಟಲು. ಬಾಗಿಲು ಹಾಕಿದರು, ಸದ್ದು ನಿಂತಿತು. ತೆಗೆದರು, ಮತ್ತೆ ಬಂತು. ಕೋಣೆಯ ನಾಲ್ಕೂ ಗೋಡೆಗೆ ಆಳೆತ್ತರ ಹತ್ತಿ ಮೂಟೆ ಒಟ್ಟಿದ್ದರು. ಎಂಥ ಸದ್ದನ್ನೂ ಹತ್ತಿ ಕುಡಿದುಬಿಡುತ್ತದಂತೆ. ಬೆಂಗಳೂರಿನ ಸ್ಟುಡಿಯೋದವರು ಗೋಡೆಗೆ ಏನೇನೋ ಅಂಟಿಸುತ್ತಾರಲ್ಲ, ಈ ಹುಡುಗರಿಗೆ ಅದು ಅಪ್ಪನ ಅಂಗಡಿಯಲ್ಲೇ ಸಿಕ್ಕಿತ್ತು.

"ಏನ್ ಮಾಡಾದು ಮೇಡಂ," ಬಾಷಾ ಸಾಬರು ಅಂದರು. "ಮನೇಲಿ ಬಾರಿಸಿದ್ರೆ ಅಕ್ಕಪಕ್ಕದೋರು ಬೈತಾರೆ. ಇಲ್ಲಾದ್ರೆ ನನ್ನೊಬ್ಬನ್ಗೇ ತೊಂದ್ರೆ."

ಬೈಯುವ ಧಾಟಿಯಲ್ಲೇ ಹೇಳಿದರು. ಮುಖದ ತುಂಬ ಹೆಮ್ಮೆ ಇತ್ತು.

ಡ್ರಮ್ ಬಾರಿಸುತ್ತಿದ್ದವನು ಮಂಜ, ಸಾದಿಕ್ ಜೊತೆ ಓದಿದವನು. ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಕೆಲಸ. ಶಿಫ್ಟ್ ಮುಗಿಸಿ, ಬಸ್ಸು ಹತ್ತಿ ಗುಬ್ಬಿಗೆ ಬಂದು ಬಾರಿಸುತ್ತಾನೆ. ಈ ಇಬ್ಬರೇ ಸೇರಿ ಎಂಟು ಹಾಡು ಕಟ್ಟಿದರು. ಪಾಪ್ ಅಂತೀರೋ, ರಾಕ್ ಅಂತೀರೋ, ನನಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿದಿದ್ದು ಇಷ್ಟು: ಇವು ಯಾವ ಸಿನಿಮಾದಿಂದಲೂ ಎತ್ತಿದ ಟ್ಯೂನ್ ಅಲ್ಲ, ಮಾತು ನಮ್ಮ ಗುಬ್ಬಿ ಬಸ್‌ಸ್ಟ್ಯಾಂಡಿನದು.

"ಗೇಟ್ ಹಾಕವ್ರೆ" ಅನ್ನುವುದು ಕ್ಯಾಸೆಟ್ಟಿನ ಹೆಸರು. ಮೊದಲ ಹಾಡಿನ ಹೆಸರೂ ಅದೇ. ರೈಲ್ವೆ ಗೇಟಿನ ಮುಂದೆ ಸೈಕಲ್ ಹಿಡಿದು ನಿಂತವನ ಹಾಡು. ಗೇಟ್ ಹಾಕವ್ರೆ, ರೈಲು ಬಂದಿಲ್ಲ. ಆ ಕಡೆ ಅವಳು ನಿಂತವ್ಳೆ, ಈ ಕಡೆ ನಾನು. ಗೇಟ್‌ಮನ್ ಬೀಡಿ ಹಚ್ಚವ್ನೆ. ಇಷ್ಟೇ ಹಾಡು. ಆದರೆ ಆ "ಬಂದಿಲ್ಲ"ವನ್ನು ಸಾದಿಕ್ ಎಳೆದು ಎಳೆದು ಮೇಲಕ್ಕೆ ಒಯ್ದಾಗ ಬಾಗಿಲಲ್ಲಿ ನಿಂತಿದ್ದವಳು ಒಳಗೇ ಹೋಗಿಬಿಟ್ಟೆ. ಐವತ್ತು ದಾಟಿದ ಹೆಂಗಸು ನಾನು. ಬಂದ ಕೆಲಸ ಮರೆತು ಹತ್ತಿ ಮೂಟೆಯ ಮೇಲೆ ಕೂತು ಅದೇ ಹಾಡನ್ನು ಮತ್ತೆ ಮತ್ತೆ ಹಾಡಿಸಿದೆ.

ಕ್ಯಾಸೆಟ್ಟನ್ನು ಅವರೇ ಹೇಗೋ ಮಾಡಿಸಿಕೊಂಡರು. ಈಗೇನೋ ಸಿ.ಡಿ. ಬಂದಿದೆ, ಆದರೆ ನಮ್ಮ ಕಡೆ ಲಾರಿಯಲ್ಲೂ ಟೀ ಅಂಗಡಿಯಲ್ಲೂ ಕ್ಯಾಸೆಟ್ಟೇ ತಾನೆ? ಬಾಕ್ಸುಗಟ್ಟಲೆ ಕ್ಯಾಸೆಟ್ ಬಂದು ಬಾಷಾ ಸಾಬರ ಅಂಗಡಿಯಲ್ಲಿ ಹಾಸಿಗೆಗಳ ಸಂದಿಯಲ್ಲಿ ಕೂತವು. ಅವನ್ನು ಊರೂರಿನ ಅಂಗಡಿಗೆ ಮುಟ್ಟಿಸುವವರು ಯಾರು?

ಹುಡುಗರು ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರ ಬೆನ್ನು ಬಿದ್ದರು. ಹತ್ತು ಸಲ ಅಲೆಸಿದ ಮೇಲೆ ಅಲ್ಲಿನ ಮ್ಯಾನೇಜರ್ ಬಾಯಿಬಿಟ್ಟನಂತೆ. "ಕ್ಯಾಸೆಟ್ ಕೇಳಿದೆ, ಪರವಾಗಿಲ್ಲ. ಆದ್ರೆ ಸ್ಟುಡಿಯೋದಲ್ಲಿ ಎಂಥಾ ಗಂಟಲನ್ನೂ ರಿಪೇರಿ ಮಾಡಬಹುದು. ಬಿಡುಗಡೆ ದಿನ ನಾನೇ ಬರ್ತೀನಿ. ಜನರ ಮುಂದೆ ಹಾಡು. ಜನ ಕೇಳಿದ್ರೆ ನಾನು ತಗೋತೀನಿ."

ಮಾತು ಸರಿಯಾಗಿಯೇ ಇತ್ತು. ಜನರ ಮುಂದೆ ಹಾಡಬೇಕು. ಹಾಡಿದರೆ ಕ್ಯಾಸೆಟ್ ರಾಜ್ಯದ ತುಂಬ ಹೋಗುತ್ತದೆ, ಇಲ್ಲದಿದ್ದರೆ ಹಾಸಿಗೆಯ ಸಂದಿಯಲ್ಲೇ ಇರುತ್ತದೆ. ಹುಡುಗರು ಅದಕ್ಕೆ ರೆಡಿಯೇ ಇದ್ದರು. ರೆಡಿ ಇಲ್ಲದಿದ್ದವರು ನಾವು.

ಬಾಷಾ ಸಾಬರಿಗೆ ಒಂದು ಆಸೆ. ಊರ ದೊಡ್ಡವರು ಬಂದು ಮಗನ ಬೆನ್ನು ತಟ್ಟಬೇಕು. ಹಾಗಾಗಿ ತುಮಕೂರಿನ ಒಂದು ಸಂಘದವರನ್ನು ಹಿಡಿದರು. ಸಂಘದ ಅಧ್ಯಕ್ಷರು ಉತ್ಸಾಹಿಗಳು. ಯಾರದ್ದೇ ಪುಸ್ತಕವಾಗಲಿ, ಕ್ಯಾಸೆಟ್ಟಾಗಲಿ, ಕ್ಯಾಲೆಂಡರ್ ಆಗಲಿ, ಬಿಡುಗಡೆ ಮಾಡಿಸದೆ ಬಿಡುವವರಲ್ಲ. ಒಂದು ಹಾಲ್ ಬುಕ್ ಮಾಡಿದರು. ಎರಡು ಗಂಟೆಗೆ ಬಿಟ್ಟುಕೊಡಬೇಕು, ಸಂಜೆ ಅಲ್ಲಿ ಯಾರದ್ದೋ ರಿಸೆಪ್ಷನ್ ಇದೆ. ಹತ್ತೂವರೆಗೆ ಶುರು ಮಾಡಿದರೆ ಎಂಟಲ್ಲ, ಹದಿನಾರು ಹಾಡು ಹಾಡಬಹುದು ಅಂದುಕೊಂಡೆ.

ನಾನು ಎಂಥ ಪೆದ್ದಿ.

ಬೆಳಗ್ಗೆಯೇ ಹೋದೆ. ವೇದಿಕೆಯ ಮೇಲೆ ಮಂಜ ಡ್ರಮ್ ಜೋಡಿಸುತ್ತಿದ್ದ. ಕುಣಿಗಲ್ಲಿನ ಒಂದು ಆರ್ಕೆಸ್ಟ್ರಾದವರ ಕೈಕಾಲು ಹಿಡಿದು ದೊಡ್ಡ ಸೆಟ್ಟು ತರಿಸಿದ್ದ. ರಾತ್ರಿ ಶಿಫ್ಟ್ ಮುಗಿಸಿ ನೇರ ಬಂದವನ ಕಣ್ಣು ಕೆಂಪಗಿತ್ತು, ಮುಖದಲ್ಲಿ ಮಾತ್ರ ನಗು. ಅಷ್ಟರಲ್ಲಿ ಅಧ್ಯಕ್ಷರು ಬಂದರು.

"ಇದೇನಪ್ಪಾ ಇದು, ಮಧ್ಯದಲ್ಲಿ? ಗಣ್ಯರು ಎಲ್ಲಿ ಕೂರಾದು?"

ಡ್ರಮ್ಮು ಹಿಂದಕ್ಕೆ ಹೋಯಿತು. ಅದರ ಮುಂದೆ ಬ್ಯಾನರ್ ಬಂತು. ಬ್ಯಾನರಿನ ಮುಂದೆ ಹನ್ನೊಂದು ಕುರ್ಚಿ ಬಂದವು. ಹತ್ತು ಗಣ್ಯರಿಗೆ, ಹನ್ನೊಂದನೆಯದು ಸಾದಿಕ್‌ಗೆ. ಕರಿ ಶರ್ಟು ಹಾಕಿಕೊಂಡು ಅವನು ಕೊನೆಯ ಕುರ್ಚಿಯಲ್ಲಿ ಕೂತ. ಮುಂದಿನ ಸಾಲಿನಲ್ಲಿ ಅವರಪ್ಪ, ಅಮ್ಮ. ಆ ತಾಯಿ ಮಗನ ಹಾಡನ್ನು ಅದುವರೆಗೆ ಹತ್ತಿ ಮೂಟೆಯ ಈಚೆಯಿಂದ, ಬಾಗಿಲು ತೆರೆದಾಗ ಕೇಳಿದ್ದಷ್ಟೇ. ಪಕ್ಕದಲ್ಲಿ ಕಂಪನಿಯ ಮ್ಯಾನೇಜರ್. ಹೆಂಡತಿ ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದ. ಮಧ್ಯಾಹ್ನ ಎಲ್ಲರನ್ನೂ ಕರೆದುಕೊಂಡು ಯಡಿಯೂರಿಗೆ ಹೋಗಿ ದೇವರ ದರ್ಶನ ಮಾಡಿ ಬೆಂಗಳೂರು ಸೇರಬೇಕಂತೆ.

ಇನ್ನೇನು ಶುರುವಾಗಬೇಕು, ಒಬ್ಬ ಮಾಜಿ ಕೌನ್ಸಿಲರ್ ಬಂದುಬಿಟ್ಟರು. ಇನ್ವಿಟೇಶನ್‌ನಲ್ಲಿ ಹೆಸರಿಲ್ಲ, ಆದರೆ ಬಂದವರನ್ನು ಕೆಳಗೆ ಕೂರಿಸುವುದಕ್ಕಾಗುತ್ತದೆಯೇ? ಅಧ್ಯಕ್ಷರು ಸಾದಿಕ್ ಕಡೆ ನೋಡಿದರು. ಸಾದಿಕ್ ಎದ್ದ. ನಾನೂ ಎದ್ದು, "ನನ್ನ ಕುರ್ಚಿ ಕೊಡ್ತೀನಿ, ಅವನು ಕೂರಲಿ" ಅಂದೆ.

"ನೀವು ಕೂತ್ಕಳಿ ಮೇಡಂ. ಲೇಡೀಸ್ ಒಬ್ರಾದ್ರೂ ಇರ್ಬೇಕು. ಅವ್ನು ಹುಡುಗ, ನಿಂತ್ಕೋತಾನೆ."

ಹೀಗೆ ಹಾಡುಗಾರ ವೇದಿಕೆಯಿಂದ ಇಳಿದ. ಇಳಿದವನನ್ನು ಒಂದು ನಿಮಿಷದಲ್ಲಿ ಮತ್ತೆ ಕರೆದರು. ಪ್ರಾರ್ಥನೆ ಹಾಡಬೇಕಿದ್ದ ಹುಡುಗಿಗೆ ಜ್ವರ ಬಂದಿತ್ತು.

"ನೀನೇ ಹಾಡೋನಲ್ವೇನಪ್ಪ, ಒಂದು ಪ್ರಾರ್ಥನೆ ಹೇಳ್ಬುಡು."

ಸಾದಿಕ್ ಹಾಡಿದ. ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ದಿನಾ ಬೆಳಗ್ಗೆ ಮುಂದೆ ನಿಂತು ಹೇಳಿಕೊಡುತ್ತಿದ್ದದ್ದು ಅದೇ ಪ್ರಾರ್ಥನೆಯಂತೆ. ಗಿಟಾರಿಲ್ಲ, ಡ್ರಮ್ಮಿಲ್ಲ, ಕೈಕಟ್ಟಿ ನಿಂತು ಹಾಡಿದ. ಚೆನ್ನಾಗಿಯೇ ಹಾಡಿದ. ಅವನು ಯಾವುದನ್ನು ಕೆಟ್ಟದಾಗಿ ಹಾಡುತ್ತಾನೆ?

ಆಮೇಲೆ ಸ್ವಾಗತ. ಆಮೇಲೆ ದೀಪ. ದೀಪಕ್ಕಾಗಿ ಫ್ಯಾನ್ ಆರಿಸಿದರು. ದೀಪಕ್ಕೆ ಐದೇ ಬತ್ತಿ, ನಾವು ಹನ್ನೊಂದು ಜನ. ಹಚ್ಚಿದ ಬತ್ತಿಗೇ ಮತ್ತೆ ಕ್ಯಾಂಡಲ್ ಮುಟ್ಟಿಸಿ ಫೋಟೋಗೆ ನಿಂತರು. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ. ಗಂಡಸರಿಗೆಲ್ಲ ಶಾಲು, ನನಗೊಬ್ಬಳಿಗೆ ಅರಿಶಿನ ಕುಂಕುಮ ಮತ್ತು ಬ್ಲೌಸ್ ಪೀಸು. (ರಾಕ್ ಸಂಗೀತದ ಸಭೆಯಲ್ಲಿ ಬ್ಲೌಸ್ ಪೀಸ್ ತೆಗೆದುಕೊಂಡ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.) ಆಮೇಲೆ ಜರಿ ಕಾಗದ ಸುತ್ತಿದ ಕ್ಯಾಸೆಟ್ಟು ತಟ್ಟೆಯಲ್ಲಿ ಬಂತು. ಕಾಗದ ಹರಿದು, ಎಲ್ಲರೂ ಒಂದೊಂದು ಹಿಡಿದು ಎದೆಯ ಮಟ್ಟಕ್ಕೆ ಎತ್ತಿದೆವು. ಮಾಜಿ ಕೌನ್ಸಿಲರ್ ತಲೆಕೆಳಗಾಗಿ ಹಿಡಿದಿದ್ದರು.

ಇನ್ನು ಭಾಷಣ. ನಮ್ಮ ಭಾಷಣದ ಪದ್ಧತಿ ನಿಮಗೆ ಗೊತ್ತೇ ಇದೆ. ಮಾತಾಡುವವರು ಮೊದಲು ವೇದಿಕೆಯ ಮೇಲಿರುವ ಎಲ್ಲರ ಹೆಸರು, ಅವರ ಹುದ್ದೆ, ಅವರ ಸರಳತೆ ಇಷ್ಟನ್ನೂ ಹೇಳಬೇಕು. ಒಬ್ಬರನ್ನು ಬಿಟ್ಟರೆ ಮುಗಿಯಿತು, ಮುಂದಿನ ಕಾರ್ಯಕ್ರಮಕ್ಕೆ ಅವರು ಬರುವುದಿಲ್ಲ. ಹನ್ನೊಂದು ಜನರೂ ಉಳಿದ ಹತ್ತು ಜನರನ್ನು ಹೊಗಳುತ್ತ ಹೋದರೆ ಎಷ್ಟು ಹೊತ್ತಾಗುತ್ತದೆ, ನೀವೇ ಲೆಕ್ಕ ಹಾಕಿ. ಪ್ರತಿಯೊಬ್ಬರೂ ಶುರುಮಾಡಿದ್ದು "ಎರಡೇ ಮಾತು ಹೇಳಿ ಮುಗಿಸ್ತೀನಿ" ಅಂತ.

ಒಬ್ಬರು ಮಧ್ಯದಲ್ಲಿ ರಿಂಗಾದ ಮೊಬೈಲ್ ಎತ್ತಿ, ಮೈಕಿನಲ್ಲೇ "ಹಲೋ, ಫಂಕ್ಷನ್‌ನಲ್ಲಿದೀನಿ" ಅಂದು, ಮುಂದುವರಿಸಿದರು. ಇನ್ನೊಬ್ಬರು ಇವತ್ತಿನ ಯುವಕರ ಸಂಗೀತವನ್ನು ಬೈದರು. ಬರೀ ಕಿರುಚಾಟ, ಬರೀ ಡಬ ಡಬ, ನಮ್ಮ ಸಂಸ್ಕೃತಿ ಎಲ್ಲಿಗೆ ಬಂತು ಅಂತ ಕೇಳಿದರು. ಅವರ ಬೆನ್ನ ಹಿಂದೆಯೇ, ಬ್ಯಾನರಿನ ಆಚೆ, ಮಂಜ ಕೋಲು ಹಿಡಿದು ಕಾಯುತ್ತ ಕೂತಿದ್ದ. "ನಮ್ಮ ಸಾದಿಕ್ ಅಂಥವನಲ್ಲ. ಅವನ ಪ್ರಾರ್ಥನೆ ಕೇಳಿದಿರಲ್ಲ, ಅದು ಸಂಗೀತ" ಅಂದರು. ಚಪ್ಪಾಳೆಯೋ ಚಪ್ಪಾಳೆ. ಮ್ಯಾನೇಜರ್ ಕೂಡ ತಟ್ಟಿದ.

ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ಹುಡುಗರು ಕಾಯ್ತಿದ್ದಾರೆ, ಹಾಡು ಕೇಳೋಣ" ಅಂದು ಬಂದು ಕೂತೆ. ನಾನು ಉಳಿಸಿದ ಹೊತ್ತನ್ನು ಮುಂದಿನವರು ತಿಂದರು. ಏನು ಹೇಳಿ ತಿಂದರು ಗೊತ್ತೆ? ಮಿತವಾಗಿ ಮಾತಾಡುವುದು ಹೇಗೆಂದು ಮೇಡಂ ಅವರನ್ನು ನೋಡಿ ಕಲಿಯಬೇಕು ಅಂತ, ಸಾವಧಾನವಾಗಿ.

ಮ್ಯಾನೇಜರ್ ವಾಚ್ ನೋಡಿಕೊಂಡ. ಸಾದಿಕ್ ಗೋಡೆಗೆ ಒರಗಿ ನಿಂತಿದ್ದವನು ಗಿಟಾರಿನ ತಂತಿಯನ್ನು ಒಂದು ಸಲ ಬಿಗಿ ಮಾಡಿದ. ಇನ್ನೊಂದು ಭಾಷಣ. ಸಡಿಲ ಮಾಡಿದ. ಮತ್ತೆ ಬಿಗಿ ಮಾಡಿದ. ಅವರಮ್ಮ ಗಂಡನ ಕಿವಿಯಲ್ಲಿ ಏನೋ ಕೇಳಿದರು, ಬಾಷಾ ಸಾಬರು "ತಡಿ" ಅನ್ನುವಂತೆ ಕೈ ತೋರಿಸಿದರು.

ಕೊನೆಯ ಭಾಷಣ ಮುಗಿಯಿತು. ನಿರೂಪಣೆ ಮಾಡುತ್ತಿದ್ದ ಹುಡುಗಿಗೆ ಅಧ್ಯಕ್ಷರು ಒಂದು ಚೀಟಿ ಕೊಟ್ಟರು. ಅವಳು ನಗುನಗುತ್ತ ಓದಿದಳು. "ಸಮಯದ ಅಭಾವದಿಂದ ಗಾಯನ ಕಾರ್ಯಕ್ರಮವನ್ನು ಕೈಬಿಡಲಾಗಿದೆ. ಈಗ ವಂದನಾರ್ಪಣೆ. ನಂತರ ಎಲ್ಲರಿಗೂ ಊಟದ ವ್ಯವಸ್ಥೆ ಇದೆ."

ಸಮಯದ ಅಭಾವ. ಬರಗಾಲ ಬಂದು ಸಮಯ ಒಣಗಿಹೋಗಿತ್ತೇನು? ಅದನ್ನು ನಾವೇ ತಾನೆ ಪಾಲು ಹಾಕಿಕೊಂಡು ನುಂಗಿದ್ದು?

ನಾನು ಎದ್ದು ಮೈಕಿಗೆ ಕೈ ಹಾಕಿದೆ. "ಒಂದೇ ಒಂದು ಹಾಡು, ಎಲ್ಲ ಕೂತ್ಕೊಳ್ಳಿ" ಅಂದೆ. ಅಂದಿದ್ದು ನನಗೇ ಕೇಳಿಸಲಿಲ್ಲ. ಮೈಕ್‌ಸೆಟ್‌ನವನು ಆಗಲೇ ವೈರ್ ಎಳೆದಿದ್ದ. ಬಾಗಿಲಲ್ಲಿ ರಿಸೆಪ್ಷನ್‌ನವರ ಹೂವಿನ ಕುಕ್ಕೆಗಳು ಬಂದು ನಿಂತಿದ್ದವು. ಊಟ ಅಂದಕೂಡಲೇ ಹಾಲ್ ಅರ್ಧ ಖಾಲಿ.

"ಮುಂದಿನ್ ಸಲ ನೋಡಾನ ಬುಡಿ ಮೇಡಂ," ಅಂದರು ಅಧ್ಯಕ್ಷರು. "ಪಲಾವ್ ತಣ್ಣಗಾಗ್ತದೆ."

ಬ್ಯಾನರಿನ ಹಿಂದೆ ಹೋಗಿ ನೋಡಿದೆ. ಗಣ್ಯರು ಹಣ್ಣಿನ ಬುಟ್ಟಿಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದ್ದರಲ್ಲ, ಅವೆಲ್ಲ ಡ್ರಮ್ಮಿನ ಮೇಲೆ ಕೂತಿದ್ದವು. ಸೇಬು, ಮೋಸಂಬಿ, ಒಂದು ಅನಾನಸ್. ಮಂಜ ಅವನ್ನು ಒಂದೊಂದೇ ಇಳಿಸಿ ಕೆಳಗಿಡುತ್ತಿದ್ದ. ನನ್ನ ಮುಖ ನೋಡಲಿಲ್ಲ.

ಈಗ ಕೇಳಿ, ನನ್ನ ಮೈ ಉರಿದ ಜಾಗ ಇದು. ಮ್ಯಾನೇಜರ್ ಸಾದಿಕ್ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ.

"ಪ್ರಾರ್ಥನೆ ಫಸ್ಟ್ ಕ್ಲಾಸಾಗಿತ್ತು ಕಣಪ್ಪ. ಒಂದು ಭಕ್ತಿಗೀತೆ ಕ್ಯಾಸೆಟ್ ಮಾಡೋಣ. ಯಡಿಯೂರಲ್ಲಿ, ಬೇರೆ ಕ್ಷೇತ್ರಗಳಲ್ಲಿ ಚೆನ್ನಾಗಿ ಹೋಗ್ತವೆ. ಸಾಹಿತ್ಯ, ಟ್ಯೂನ್ ಎಲ್ಲಾ ನಮ್ದೇ. ನೀನ್ ಬಂದು ಹಾಡಿದ್ರೆ ಸಾಕು."

"ಈ ಕ್ಯಾಸೆಟ್ಟು ಸಾರ್?"

"ಇದು ಬೇಡಪ್ಪ. ಜನಕ್ಕೆ ಬೇಕಾಗಿಲ್ಲ. ನೀನೇ ನೋಡ್ದಲ್ಲ, ಹಾಡು ಇಲ್ಲ ಅಂದಾಗ ಒಬ್ರಾದ್ರೂ ಕೇಳಿದ್ರಾ? ಎದ್ದು ಊಟಕ್ಕೆ ಹೋದ್ರು."

ನಾನು ಬಾಯಿ ಹಾಕಿದೆ. "ಸಾರ್, ಜನ ಕೇಳಿದ್ದರೆ ತಾನೆ ಬೇಕೋ ಬೇಡವೋ ಅನ್ನೋದು? ಕೆಳಗಡೆ ಊಟದ ಜಾಗದಲ್ಲಿ ಮೈಕಿಲ್ಲದೇ ಹಾಡ್ತಾನೆ, ಐದು ನಿಮಿಷ ನಿಲ್ಲಿ."

"ಮಕ್ಕಳು ಕಾಯ್ತಾವ್ರೆ ಮೇಡಂ," ಅಂದು ಹೊರಟ. ಹೊರಡುವ ಮುಂಚೆ ಕಾರ್ಡ್ ಕೊಟ್ಟ. ಸಾದಿಕ್ ಎರಡೂ ಕೈಯಲ್ಲಿ ತೆಗೆದುಕೊಂಡು "ಥ್ಯಾಂಕ್ಸ್ ಸಾರ್" ಅಂದ. ಹಾಗೆ ಬೆಳೆಸಿದ್ದಾರೆ ಅವನನ್ನು.

ಆ ಮ್ಯಾನೇಜರ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನ ವ್ಯಾಪಾರ ಅದು. ನಾವು ತೋರಿಸಿದ್ದನ್ನು ಅವನು ನೋಡಿದ. ಪ್ರಾರ್ಥನೆ ತೋರಿಸಿದೆವು, ಶಾಲು ತೋರಿಸಿದೆವು, ಪಲಾವಿಗೆ ಓಡುವ ಜನರನ್ನು ತೋರಿಸಿದೆವು. ಹುಡುಗನ ಹಾಡೊಂದನ್ನು ಬಿಟ್ಟು ಎಲ್ಲ ತೋರಿಸಿದೆವು.

ಮರುದಿನ ಜಗಳವಾಡಲೆಂದೇ ಅಧ್ಯಕ್ಷರ ಮನೆಗೆ ಹೋದೆ. ಪಾಪ, ಪ್ರೀತಿಯಿಂದ ಕೂರಿಸಿ ಕಾಫಿ ಕೊಟ್ಟರು. ಷೋಕೇಸ್ ತುಂಬ ನೆನಪಿನ ಕಾಣಿಕೆಗಳು. ನಡುವೆ ಸಾದಿಕ್‌ನ ಕ್ಯಾಸೆಟ್ಟು, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿಲ್ಲ.

"ನೋಡಿ ಮೇಡಂ, ಎಷ್ಟು ಜೋಪಾನವಾಗಿ ಮಡಗಿದೀನಿ."

"ಕೇಳಿದಿರಾ?"

"ಟೈಮ್ ಎಲ್ಲೈತೆ ಮೇಡಂ? ನಾಡಿದ್ದು ಕುಣಿಗಲ್ಲಲ್ಲಿ ಇನ್ನೊಂದು ಬಿಡುಗಡೆ ಐತೆ."

ಜಗಳಕ್ಕೆಂದು ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಕಾಫಿಯ ಜೊತೆ ಒಳಗೆ ಹೋಯಿತು. ಈ ಮನುಷ್ಯನಿಗೆ ತಾನು ಏನಾದರೂ ತಪ್ಪು ಮಾಡಿದೆ ಅನ್ನುವುದೇ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಕಾರ್ಯಕ್ರಮ ಬಹಳ ಚೆನ್ನಾಗಿ ಆಯಿತು. ಗಣ್ಯರು ಎಲ್ಲರೂ ಬಂದಿದ್ದರು, ಯಾರೂ ಮುನಿಸಿಕೊಂಡು ಹೋಗಲಿಲ್ಲ, ಊಟ ಕಮ್ಮಿ ಬೀಳಲಿಲ್ಲ. ನಮ್ಮೂರುಗಳಲ್ಲಿ ಕಾರ್ಯಕ್ರಮ ಅಂದರೆ ಇಷ್ಟೇ. ಬರೆದವನು, ಹಾಡಿದವನು, ಕುಣಿದವಳು ಇವರೆಲ್ಲ ಒಂದು ನೆಪ. ನೆಪಕ್ಕೆ ಕುರ್ಚಿ ಯಾಕೆ?

ನಿನ್ನೆ ಗುಬ್ಬಿಗೆ ಹೋಗಿದ್ದೆ. ಸಾದಿಕ್ ಅಂಗಡಿಯ ಮುಂದೆ ಕಾಲು ಮಡಚಿ ಕೂತು ಉದ್ದ ಸೂಜಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಹಿಂದಿನ ಕೋಣೆಯ ಬಾಗಿಲು ಹಾಕಿತ್ತು. ಡ್ರಮ್ ಸೆಟ್ಟು ಕುಣಿಗಲ್ಲಿಗೆ ವಾಪಸ್ ಹೋಗಿತ್ತು.

"ದೇವ್ರ ಹಾಡು ತಾನೆ ಮೇಡಂ, ಹಾಡ್ಲಿ ಬುಡಿ," ಅಂದರು ಬಾಷಾ ಸಾಬರು. "ಹೆಸ್ರು ಬರ್ತದೆ. ಇವರಮ್ಮ ಮಾತ್ರ ಅವತ್ತಿಂದ ಒಂದೇ ಸಮ, ನನ್ ಮಗನ್ನ ಯಾಕ್ ಹಾಡಿಸ್ಲಿಲ್ಲ ಅಂತ. ನಾನ್ ಏನ್ ಹೇಳ್ಲಿ? ದೊಡ್ಡೋರ್ನೆಲ್ಲ ಕರೆದಿದ್ದು ನಾನೇ."

ಸಾದಿಕ್ ಸೂಜಿ ನಿಲ್ಲಿಸಿದ. "ದೇವ್ರ ಹಾಡು ಹಾಡೋಕೆ ನಂಗೇನ್ ಬೇಜಾರಿಲ್ಲ ಮೇಡಂ. ಸ್ಕೂಲಲ್ಲಿ ಹಾಡ್ಕೊಂಡೇ ಬಂದಿದೀನಿ. ಜನ ನನ್ ಹಾಡು ಕೇಳಿ, ಚೆನ್ನಾಗಿಲ್ಲ ಕಣೋ ಅಂದಿದ್ರೆ ಸುಮ್ನಾಗ್ತಿದ್ದೆ. ಕೇಳ್ಲೇ ಇಲ್ವಲ್ಲ."

"ಮ್ಯಾನೇಜರ್‌ಗೆ ಏನು ಹೇಳಿದೆ?"

"ಫೋನ್ ಮಾಡಿದ್ದೆ. ಹಾಡ್ತೀನಿ ಸಾರ್, ಆದ್ರೆ ಮೊದ್ಲು ನೀವು ಗುಬ್ಬಿಗೆ ಬರ್ಬೇಕು, ಗೇಟ್ ಹತ್ರ ನಿಂತು ಹಾಡ್ತೀನಿ, ಜನ ನಿಲ್ತಾರಾ ಇಲ್ವಾ ನೀವೇ ನೋಡಿ ಅಂದೆ."

"ಏನಂದ?"

"ಟೈಮಿಲ್ಲ, ನೋಡೋಣ ಅಂದ್ರು."

ನನ್ನ ಕಣ್ಣು ತುಂಬಿತು. ದುಃಖಕ್ಕಲ್ಲ, ಸಿಟ್ಟಿಗೆ. ಅವನು ಮತ್ತೆ ಸೂಜಿ ಎತ್ತಿಕೊಂಡ. ಬಾಕ್ಸುಗಳು ಅಲ್ಲೇ, ಹಾಸಿಗೆಗಳ ಸಂದಿಯಲ್ಲೇ ಇದ್ದವು. ಆ ಕಡೆ ಹೋದರೆ ನೀವೂ ಹೋಗಿ. ಹಾಸಿಗೆ ಕೊಳ್ಳದಿದ್ದರೂ ಪರವಾಗಿಲ್ಲ. ಒಂದು ಮೂಟೆಯ ಮೇಲೆ ಕೂತು ಹಾಡು ಹಾಕಿಸಿಕೊಂಡು ಕೇಳಿ. ಕೇಳಿ ಬೈಯಿರಿ ಬೇಕಾದರೆ.

ಇದನ್ನು ಬರೆಯಲು ಕೂತಾಗ ಅಧ್ಯಕ್ಷರ ಫೋನ್ ಬಂತು. "ಈ ವಾರ ನಮ್ ಕಾರ್ಯಕ್ರಮದ ಬಗ್ಗೆ ಬರೀತೀರಂತೆ, ಸಂತೋಷ ಮೇಡಂ. ವೇದಿಕೆ ಮೇಲಿದ್ದ ಗಣ್ಯರ ಹೆಸ್ರು ಎಲ್ಲಾ ಬರ್ಬೇಕು, ಒಬ್ರದ್ದೂ ಬಿಟ್ಟೋಗ್ಬಾರ್ದು. ಸಾದಿಕ್‌ದು ಕೊನೇಲಿ ಹಾಕ್ಕಳಿ, ಜಾಗ ಇದ್ರೆ."

ಅಧ್ಯಕ್ಷರೇ, ಸಾದಿಕ್ ಹೆಸರು ಹಾಕಿದ್ದೇನೆ. ಗಣ್ಯರ ಹೆಸರುಗಳನ್ನು ಸ್ಥಳದ ಅಭಾವದಿಂದ ಕೈಬಿಡಲಾಗಿದೆ.